ಪರವಾನಗಿಯ ಎಣಿಕೆ ಮತ್ತು ವ್ಯಾಪಾರದ ಲೆಕ್ಕ: ನ್ಯೂಯಾರ್ಕ್ ನಗರದ ಚಿತ್ರೀಕರಣ ದಾಖಲೆಗಳ ಅಧ್ಯಯನ

ಒಂದು ಕಾಲದಲ್ಲಿ ಸರ್ಕಾರಿ ಕಚೇರಿಗಳ ಕಡತಗಳಲ್ಲಿಯೇ ಉಳಿದುಬಿಡುತ್ತಿದ್ದ ಅಂಕಿ-ಅಂಶಗಳು ಇಂದು ಯಾರು ಬೇಕಾದರೂ ಪಡೆದು ಪರಿಶೀಲಿಸಬಹುದಾದ ರೂಪದಲ್ಲಿ ಪ್ರಕಟವಾಗುತ್ತಿವೆ. ಇವುಗಳನ್ನು ಮುಕ್ತ ದತ್ತಾಂಶ ಎಂದು ಕರೆಯುವುದು ವಾಡಿಕೆ. ವ್ಯಾಪಾರಿಯು ಮಳಿಗೆಗೆ ಸ್ಥಳ ಆರಿಸುವಾಗ, ಬ್ಯಾಂಕು ಸಾಲದ ಅರ್ಜಿಯನ್ನು ಪರಿಶೀಲಿಸುವಾಗ, ವಾಣಿಜ್ಯ ಸಂಸ್ಥೆಯು ಸರ್ಕಾರಕ್ಕೆ ಮನವಿ ಸಲ್ಲಿಸುವಾಗ ಇಂತಹ ಅಂಕಿಗಳನ್ನು ಆಧಾರವಾಗಿ ಬಳಸುವ ರೂಢಿ ಬೆಳೆಯುತ್ತಿದೆ. ಇದು ಸ್ವಾಗತಾರ್ಹವೇ ಸರಿ. ಆದರೆ ಅಂಕಿ ಕೈಗೆ ಸಿಕ್ಕಿದ ಮಾತ್ರಕ್ಕೆ ಲೆಕ್ಕ ಸಿಕ್ಕಂತಾಗುವುದಿಲ್ಲ. ರೋಜು ಕೀರ್ದಿಯಲ್ಲಿ ಎಷ್ಟು ನಮೂದುಗಳಿವೆ ಎಂದು ಎಣಿಸಿ ಅಂಗಡಿಯ ಲಾಭವನ್ನು ಹೇಳಲಾಗದು. ಪ್ರತಿಯೊಂದು ನಮೂದು ಯಾವ ವಹಿವಾಟಿಗೆ ಸಂಬಂಧಿಸಿದ್ದು, ಯಾವ ದಿನಕ್ಕೆ ಸೇರಿದ್ದು, ಯಾವ ಖಾತೆಗೆ ಹೋಗಬೇಕಾದದ್ದು ಎಂಬುದು ತಿಳಿದ ಬಳಿಕವೇ ಅದು ಲೆಕ್ಕವಾಗುತ್ತದೆ.

ಈ ತತ್ತ್ವವನ್ನು ಮನದಟ್ಟು ಮಾಡಿಕೊಳ್ಳಲು ನ್ಯೂಯಾರ್ಕ್ ನಗರಾಡಳಿತವು ಪ್ರಕಟಿಸುತ್ತಿರುವ ಚಿತ್ರೀಕರಣ ಪರವಾನಗಿಗಳ ದಾಖಲೆಯು ಉತ್ತಮ ನಿದರ್ಶನ. ಕಡತ ಚಿಕ್ಕದು, ಕಲಮುಗಳು ಕೆಲವೇ, ವಿಷಯವೂ ಸುಲಭವಾಗಿ ಅರ್ಥವಾಗುವಂಥದ್ದು. ಆದರೂ ಅವಸರದಿಂದ ಎಣಿಸುವವನನ್ನು ಅದು ಹೆಜ್ಜೆ ಹೆಜ್ಜೆಗೂ ದಾರಿ ತಪ್ಪಿಸುತ್ತದೆ.

ದಾಖಲೆಯ ಹಿನ್ನೆಲೆ

ನ್ಯೂಯಾರ್ಕ್ ನಗರದಲ್ಲಿ ಚಿತ್ರೀಕರಣ ನಡೆಸಬೇಕಾದ ನಿರ್ಮಾಪಕರು ಹಿಂದೆ ಹಲವು ಇಲಾಖೆಗಳ ಬಾಗಿಲು ತಟ್ಟಬೇಕಾಗಿತ್ತು. 1966ರಲ್ಲಿ ಮೇಯರ್ ಜಾನ್ ಲಿಂಡ್ಸೆ ಅವರು ಇದಕ್ಕೆಂದೇ ಪ್ರತ್ಯೇಕ ಕಚೇರಿಯನ್ನು ಸ್ಥಾಪಿಸಿದರು. ನಮ್ಮಲ್ಲಿ ಏಕಗವಾಕ್ಷಿ ಪದ್ಧತಿ ಎಂದು ಕರೆಯುವ ವ್ಯವಸ್ಥೆಗೆ ಚಲನಚಿತ್ರ ಕ್ಷೇತ್ರದಲ್ಲಿ ಇದು ಆರಂಭದ ಮಾದರಿಗಳಲ್ಲೊಂದು. ಚಲನಚಿತ್ರ, ರಂಗಭೂಮಿ ಮತ್ತು ಪ್ರಸಾರಗಳಿಗೆ ಸಂಬಂಧಿಸಿದ ಈ ಮೇಯರ್ ಕಚೇರಿಯೇ ಇಂದಿಗೂ ಪರವಾನಗಿಗಳನ್ನು ನೀಡುತ್ತಿದೆ. ಅದೇ ವರ್ಷ ನಗರದ ಪೊಲೀಸ್ ಇಲಾಖೆಯಲ್ಲಿಯೂ ಚಿತ್ರೀಕರಣಕ್ಕೆ ನೆರವಾಗಲು ಪ್ರತ್ಯೇಕ ಘಟಕವೊಂದು ಆರಂಭವಾಯಿತು.

ನಗರದ ಇಲಾಖೆಗಳು ತಮ್ಮಲ್ಲಿರುವ ಸಾರ್ವಜನಿಕ ದತ್ತಾಂಶವನ್ನು ಒಂದೇ ಜಾಲತಾಣದಲ್ಲಿ ಪ್ರಕಟಿಸಬೇಕೆಂಬ ಕಾನೂನು ನ್ಯೂಯಾರ್ಕಿನಲ್ಲಿ 2012ರ ಮಾರ್ಚ್ ತಿಂಗಳಿನಲ್ಲಿ ಅಂಗೀಕಾರವಾಯಿತು. ಭಾರತ ಸರ್ಕಾರದ ರಾಷ್ಟ್ರೀಯ ದತ್ತಾಂಶ ಹಂಚಿಕೆ ಮತ್ತು ಲಭ್ಯತಾ ನೀತಿಯ ಅಧಿಸೂಚನೆಯೂ ಅದೇ ತಿಂಗಳು ಹೊರಬಿದ್ದಿತು ಎಂಬುದು ಕುತೂಹಲಕರ ಸಂಗತಿ. ನ್ಯೂಯಾರ್ಕಿನ ಆ ಜಾಲತಾಣದಲ್ಲಿ ಲಭ್ಯವಿರುವ ಸಾವಿರಾರು ಕಡತಗಳಲ್ಲಿ ಚಿತ್ರೀಕರಣ ಪರವಾನಗಿಗಳದೂ ಒಂದು. ಇದನ್ನು ಯಾವುದೇ ಶುಲ್ಕವಿಲ್ಲದೆ ಪಡೆದು ಸಾಮಾನ್ಯ ಸ್ಪ್ರೆಡ್‌ಶೀಟ್ ತಂತ್ರಾಂಶದಲ್ಲಿ ತೆರೆಯಬಹುದಾಗಿದೆ.

ಯಾವುದಕ್ಕೆ ಪರವಾನಗಿ, ಯಾವುದಕ್ಕಿಲ್ಲ?

ಲೆಕ್ಕಪರಿಶೋಧಕನು ಪುಸ್ತಕವನ್ನು ತೆರೆಯುವ ಮೊದಲು ಕೇಳುವ ಪ್ರಶ್ನೆ ಇದು: ಈ ಪುಸ್ತಕದಲ್ಲಿ ಯಾವ ವಹಿವಾಟುಗಳು ದಾಖಲಾಗುತ್ತವೆ, ಯಾವುವು ದಾಖಲಾಗುವುದೇ ಇಲ್ಲ? ನ್ಯೂಯಾರ್ಕಿನ ದಾಖಲೆಗೂ ಇದೇ ಪ್ರಶ್ನೆಯನ್ನು ಮೊದಲು ಹಾಕಬೇಕು.

ರಸ್ತೆ, ಪಾದಚಾರಿ ಮಾರ್ಗ, ಉದ್ಯಾನ ಮುಂತಾದ ನಗರದ ಸ್ವತ್ತನ್ನು ಒಬ್ಬ ನಿರ್ಮಾಪಕನು ಇತರರನ್ನು ತಡೆದು ತನ್ನ ಉಪಯೋಗಕ್ಕೆ ಮಾತ್ರ ಬಳಸುವಾಗ, ನಿರ್ಮಾಣ ವಾಹನಗಳನ್ನು ರಸ್ತೆಯಲ್ಲಿ ನಿಲ್ಲಿಸುವಾಗ, ನಕಲಿ ಆಯುಧ, ಸಾಹಸ ದೃಶ್ಯ ಮುಂತಾದವುಗಳಿರುವಾಗ ಪರವಾನಗಿ ಕಡ್ಡಾಯ. ಅರ್ಜಿದಾರನು 10 ಲಕ್ಷ ಡಾಲರುಗಳ ಹೊಣೆಗಾರಿಕೆ ವಿಮೆಯನ್ನು ಒದಗಿಸಬೇಕಾಗುತ್ತದೆ. ಆದರೆ ಕೈಯಲ್ಲಿ ಕ್ಯಾಮೆರಾ ಹಿಡಿದು, ದಾರಿಗೆ ಅಡ್ಡಿಯಾಗದಂತೆ ಚಿತ್ರಿಸುವವನಿಗೆ ಪರವಾನಗಿಯ ಅಗತ್ಯವಿಲ್ಲ.

ಈ ವಿನಾಯಿತಿ ಸ್ಪಷ್ಟವಾಗಿ ನಿಯಮದ ರೂಪ ಪಡೆದುದರ ಹಿಂದೆ ಭಾರತೀಯರೊಬ್ಬರ ಪ್ರಕರಣವಿದೆ. ಸಾಕ್ಷ್ಯಚಿತ್ರ ನಿರ್ದೇಶಕ ರಾಕೇಶ್ ಶರ್ಮಾ ಅವರು 2005ರಲ್ಲಿ ಮ್ಯಾನ್‌ಹಟನ್‌ನ ರಸ್ತೆಯೊಂದರಲ್ಲಿ ಕೈ-ಕ್ಯಾಮೆರಾದಿಂದ ಚಿತ್ರಿಸುತ್ತಿದ್ದಾಗ ಪೊಲೀಸರು ಅವರನ್ನು ತಡೆದು ವಿಚಾರಣೆಗೆ ಒಳಪಡಿಸಿದರು. ನಾಗರಿಕ ಹಕ್ಕುಗಳ ಸಂಘಟನೆಯ ನೆರವಿನಿಂದ 2006ರಲ್ಲಿ ಅವರು ನಗರದ ವಿರುದ್ಧ ದಾವೆ ಹೂಡಿದರು. 2007ರಲ್ಲಿ ರಾಜಿಯಾಯಿತು. 2008ರಲ್ಲಿ ಹೊಸ ನಿಯಮಗಳು ಜಾರಿಗೆ ಬಂದವು.

ವಿಶ್ಲೇಷಕನಿಗೆ ಇದರಿಂದ ದೊರೆಯುವ ಪಾಠ ಸ್ಪಷ್ಟವಾಗಿದೆ. ದಾಖಲೆಯಲ್ಲಿರುವುದು ನಗರದ ಸ್ವತ್ತಿನ ಬಳಕೆ, ನಗರದಲ್ಲಿ ನಡೆದ ಚಿತ್ರನಿರ್ಮಾಣವಲ್ಲ. ಸಣ್ಣ ಸಾಕ್ಷ್ಯಚಿತ್ರ ತಂಡದ ತಿಂಗಳುಗಟ್ಟಲೆಯ ಕೆಲಸವೂ, ಸ್ಟುಡಿಯೋದ ನಾಲ್ಕು ಗೋಡೆಗಳ ನಡುವಿನ ದೊಡ್ಡ ಬಂಡವಾಳದ ಕೆಲಸವೂ ಈ ಪುಸ್ತಕಕ್ಕೆ ಬಾರದೆ ಹೋಗಬಹುದು. ಅದೇ ಸ್ಟುಡಿಯೋದ ಲಾರಿಗಳು ಹೊರಗಿನ ರಸ್ತೆಯಲ್ಲಿ ನಿಂತರೆ ಮಾತ್ರ ಅದು ನಮೂದಾಗುತ್ತದೆ.

ಕಡತದ ಕಲಮುಗಳು

ಕಡತದ ಪ್ರತಿಯೊಂದು ಸಾಲೂ ಒಂದು ಪರವಾನಗಿ. ಅದರಲ್ಲಿ ಪರವಾನಗಿಯ ಸಂಖ್ಯೆ, ಬಗೆ, ಆರಂಭ ಮತ್ತು ಮುಕ್ತಾಯದ ದಿನಾಂಕ-ಸಮಯ, ಅರ್ಜಿ ನಮೂದಾದ ಸಮಯ, ವಾಹನ ನಿಲುಗಡೆಗಾಗಿ ಕಾಯ್ದಿರಿಸಿದ ರಸ್ತೆಗಳ ವಿವರ, ಬರೋ ಎಂದು ಕರೆಯುವ ನಗರ ವಿಭಾಗ, ಪೊಲೀಸ್ ಠಾಣಾ ವ್ಯಾಪ್ತಿ, ನಮ್ಮ ಪಿನ್‌ಕೋಡಿಗೆ ಸಮನಾದ ಜಿಪ್ ಕೋಡ್, ವರ್ಗ ಹಾಗೂ ಉಪವರ್ಗಗಳು ಇರುತ್ತವೆ. ವರ್ಗಗಳಲ್ಲಿ ದೂರದರ್ಶನ, ಚಲನಚಿತ್ರ, ರಂಗಭೂಮಿ, ಜಾಹೀರಾತು, ಸ್ಥಿರಚಿತ್ರ, ಅಂತರ್ಜಾಲ, ವಿದ್ಯಾರ್ಥಿ, ಸಾಕ್ಷ್ಯಚಿತ್ರ, ಸಂಗೀತ ವೀಡಿಯೊ ಮುಂತಾದವುಗಳಿವೆ.

ಇಲ್ಲದಿರುವ ಕಲಮುಗಳು ಇರುವವುಗಳಷ್ಟೇ ಮುಖ್ಯ. ಚಿತ್ರದ ಹೆಸರಿಲ್ಲ. ನಿರ್ಮಾಣ ಸಂಸ್ಥೆಯ ಹೆಸರಿಲ್ಲ. ತಂಡದಲ್ಲಿ ಎಷ್ಟು ಮಂದಿ ಇದ್ದರು, ಎಷ್ಟು ಹಣ ಖರ್ಚಾಯಿತು ಎಂಬುದಿಲ್ಲ. ಪರವಾನಗಿ ಪಡೆದ ಬಳಿಕ ಚಿತ್ರೀಕರಣ ನಿಜವಾಗಿ ನಡೆಯಿತೇ, ಮಳೆಯಿಂದ ರದ್ದಾಯಿತೇ ಎಂಬುದೂ ಇಲ್ಲ. ಲೆಕ್ಕಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ ಇದು ಮೊತ್ತವಿಲ್ಲದ ವೋಚರುಗಳ ಕಟ್ಟು.

ಮೊದಲ ಶೋಧನೆ: ಪರವಾನಗಿಯ ಬಗೆ

ಕಡತದಲ್ಲಿರುವುದೆಲ್ಲ ಚಿತ್ರೀಕರಣವೇ ಎಂಬ ಭಾವನೆಯು ಮೊದಲ ತಪ್ಪು. ಇದರಲ್ಲಿ ಚಿತ್ರೀಕರಣದ ಪರವಾನಗಿಗಳಲ್ಲದೆ, ದೀಪ ಹಾಗೂ ಉಪಕರಣಗಳನ್ನು ಮುಂಚಿತವಾಗಿ ಅಳವಡಿಸಲು ನೀಡುವ ಪರವಾನಗಿಗಳಿವೆ. ನಗರಾಡಳಿತಕ್ಕೆ ಸೇರಿದ ಕಟ್ಟಡಗಳಲ್ಲಿನ ಸಿದ್ಧತೆ ಮತ್ತು ಚಿತ್ರೀಕರಣದ ಪರವಾನಗಿಗಳಿವೆ. ಇವುಗಳ ಜೊತೆಗೆ, ನಾಟಕ ಮಂದಿರಗಳಿಗೆ ರಂಗಸಜ್ಜಿಕೆಯನ್ನು ತಂದಿಳಿಸುವ ಹಾಗೂ ಮರಳಿ ಸಾಗಿಸುವ ಲಾರಿಗಳ ಪರವಾನಗಿಗಳೂ ಇವೆ.

ಈ ಕೊನೆಯ ಬಗೆಯವು ಬಹುಪಾಲು ಬ್ರಾಡ್‌ವೇ ನಾಟಕ ಮಂದಿರಗಳಿರುವ ಮ್ಯಾನ್‌ಹಟನ್ ವಿಭಾಗಕ್ಕೆ ಸೇರಿದವು. ಇವುಗಳನ್ನು ಬೇರ್ಪಡಿಸದೆ ಎಣಿಸಿದರೆ ಮ್ಯಾನ್‌ಹಟನ್ನಿನ ಚಿತ್ರೀಕರಣ ವಾಸ್ತವಕ್ಕಿಂತ ಹೆಚ್ಚಾಗಿ ತೋರುತ್ತದೆ. ಬೇರ್ಪಡಿಸಿದ ಮೇಲೂ ಮ್ಯಾನ್‌ಹಟನ್ ಮೊದಲ ಸ್ಥಾನದಲ್ಲಿ, ಬ್ರೂಕ್ಲಿನ್ ಎರಡನೆಯ ಸ್ಥಾನದಲ್ಲಿ, ಕ್ವೀನ್ಸ್ ಮೂರನೆಯ ಸ್ಥಾನದಲ್ಲಿ ಇರುತ್ತವೆ. ಬ್ರಾಂಕ್ಸ್ ಮತ್ತು ಸ್ಟೇಟನ್ ಐಲೆಂಡ್ ಬಹಳ ಹಿಂದೆ ಉಳಿಯುತ್ತವೆ. ಕ್ರಮ ಬದಲಾಗದಿದ್ದರೂ ಅಂತರ ಕಡಿಮೆಯಾಗುತ್ತದೆ. ಬಂಡವಾಳ ಹೂಡುವವನಿಗೆ ಬೇಕಾದುದು ಈ ಅಂತರವೇ ಹೊರತು ಕ್ರಮಸಂಖ್ಯೆಯಲ್ಲ.

ವರ್ಗವಾರು ನೋಡಿದಾಗ ದೂರದರ್ಶನದ್ದೇ ಸಿಂಹಪಾಲು. ಇದರಿಂದ ದೂರದರ್ಶನ ಉದ್ಯಮವು ಚಲನಚಿತ್ರೋದ್ಯಮಕ್ಕಿಂತ ಅಷ್ಟೇ ಪಟ್ಟು ದೊಡ್ಡದು ಎಂದು ತೀರ್ಮಾನಿಸುವಂತಿಲ್ಲ. ಚಲನಚಿತ್ರವೊಂದರ ಚಿತ್ರೀಕರಣ ಕೆಲವು ವಾರಗಳಲ್ಲಿ ಮುಗಿಯುತ್ತದೆ. ಧಾರಾವಾಹಿಯ ತಂಡವು ತಿಂಗಳುಗಟ್ಟಲೆ ಬೀದಿಯಿಂದ ಬೀದಿಗೆ ಸಾಗುತ್ತ ಪ್ರತಿ ಸ್ಥಳಕ್ಕೂ ಹೊಸ ಪರವಾನಗಿ ಪಡೆಯುತ್ತದೆ. ಸಗಟು ವ್ಯಾಪಾರಿಯ ಒಂದು ಬಿಲ್ಲನ್ನೂ ಚಿಲ್ಲರೆ ಅಂಗಡಿಯ ಒಂದು ಬಿಲ್ಲನ್ನೂ ಸಮನಾಗಿ ಎಣಿಸಿದರೆ ಚಿಲ್ಲರೆ ವ್ಯಾಪಾರವೇ ಮೇಲುಗೈ ಸಾಧಿಸಿದಂತೆ ಕಾಣುವುದು ಸಹಜ.

ಎರಡನೆಯ ಶೋಧನೆ: ಯಾವ ದಿನಾಂಕ?

ಪ್ರತಿ ಸಾಲಿನಲ್ಲಿ ಮೂರು ದಿನಾಂಕಗಳಿವೆ: ನಮೂದಾದ ದಿನ, ಆರಂಭದ ದಿನ, ಮುಕ್ತಾಯದ ದಿನ. ತಿಂಗಳುವಾರು ಪಟ್ಟಿ ತಯಾರಿಸುವಾಗ ಯಾವುದನ್ನು ಆಧಾರವಾಗಿ ತೆಗೆದುಕೊಳ್ಳಬೇಕು? ಕಚೇರಿಯ ಕೆಲಸದ ಒತ್ತಡವನ್ನು ಅಳೆಯುವವನಿಗೆ ನಮೂದಾದ ದಿನಾಂಕ ಬೇಕು. ಬೀದಿಯಲ್ಲಿ ಏನಾಯಿತು ಎಂದು ತಿಳಿಯಬೇಕಾದವನಿಗೆ ಆರಂಭದ ದಿನಾಂಕ ಬೇಕು. ಆದೇಶ ಪಡೆದ ದಿನಕ್ಕೂ ಸರಕು ರವಾನಿಸಿದ ದಿನಕ್ಕೂ ಇರುವ ವ್ಯತ್ಯಾಸವೇ ಇಲ್ಲಿಯೂ ಇದೆ. ತಿಂಗಳ ಕೊನೆಯ ವಾರದಲ್ಲಿ ನಮೂದಾಗಿ ಮುಂದಿನ ತಿಂಗಳು ನಡೆಯುವ ಚಿತ್ರೀಕರಣಗಳು ಎರಡು ಪಟ್ಟಿಗಳಲ್ಲಿ ಬೇರೆ ಬೇರೆ ತಿಂಗಳಿಗೆ ಸೇರುತ್ತವೆ.

ನ್ಯೂಯಾರ್ಕ್ ನಗರದ ಹಣಕಾಸು ವರ್ಷ ಜುಲೈ 1ರಿಂದ ಜೂನ್ 30ರವರೆಗಿನದು ಎಂಬುದನ್ನೂ ಗಮನದಲ್ಲಿಡಬೇಕು. ನಗರದ ವರದಿಗಳೊಂದಿಗೆ ಹೋಲಿಸುವಾಗ ಜನವರಿ-ಡಿಸೆಂಬರ್ ಪಟ್ಟಿಯನ್ನೋ ನಮ್ಮ ಏಪ್ರಿಲ್-ಮಾರ್ಚ್ ಪಟ್ಟಿಯನ್ನೋ ಬಳಸಿದರೆ ಅಂಕಿಗಳು ತಾಳೆಯಾಗುವುದಿಲ್ಲ.

ನಮೂದಾದ ದಿನ ಮತ್ತು ಆರಂಭದ ದಿನಗಳ ನಡುವಿನ ಅಂತರವು ಇನ್ನೊಂದು ಉಪಯುಕ್ತ ಅಂಕಿಯನ್ನು ನೀಡುತ್ತದೆ. ಉಪಕರಣಗಳನ್ನು ಬಾಡಿಗೆಗೆ ಕೊಡುವವರು, ಊಟ-ಉಪಾಹಾರ ಪೂರೈಸುವವರು, ಜನರೇಟರ್ ಒದಗಿಸುವವರು ಎಷ್ಟು ಮುಂಚಿತವಾಗಿ ಸಿದ್ಧರಿರಬೇಕು ಎಂಬುದಕ್ಕೆ ಅದು ಸೂಚಕ.

ಮೂರನೆಯ ಶೋಧನೆ: ಸ್ಥಳ ಮತ್ತು ಇಮ್ಮಡಿ ಎಣಿಕೆ

ಒಂದೇ ಪರವಾನಗಿಯಲ್ಲಿ ಎರಡು ಮೂರು ಜಿಪ್ ಕೋಡುಗಳು ಅಲ್ಪವಿರಾಮಗಳಿಂದ ಬೇರ್ಪಟ್ಟು ಒಂದೇ ಕಲಮಿನಲ್ಲಿ ಇರುವುದುಂಟು. ಇವುಗಳನ್ನು ಬಿಡಿಸಿ ಪ್ರದೇಶವಾರು ಎಣಿಸಿದರೆ ಒಂದು ಪರವಾನಗಿ ಮೂರಾಗುತ್ತದೆ. ಎಲ್ಲ ಪ್ರದೇಶಗಳ ಮೊತ್ತವು ಒಟ್ಟು ಪರವಾನಗಿಗಳಿಗಿಂತ ಹೆಚ್ಚಾಗುತ್ತದೆ. ಮುಖ್ಯ ಕಚೇರಿಯ ಒಂದೇ ವೆಚ್ಚವನ್ನು ಮೂರು ಶಾಖೆಗಳಲ್ಲಿಯೂ ಪೂರ್ತಿಯಾಗಿ ಬರೆದಂತೆ ಇದು. ಪ್ರದೇಶವಾರು ಪಟ್ಟಿ ಬೇಕಾದಾಗ ಬಿಡಿಸುವುದು ಅನಿವಾರ್ಯ. ಆದರೆ ಅಂತಹ ಪಟ್ಟಿಯ ಕೆಳಗೆ ಒಟ್ಟು ಮೊತ್ತವನ್ನು ಬರೆಯಬಾರದು. ಬರೆದರೆ ಮೂಲ ಸಂಖ್ಯೆಯೊಂದಿಗೆ ತಾಳೆ ನೋಡಿ ವ್ಯತ್ಯಾಸಕ್ಕೆ ಕಾರಣ ಕೊಡಬೇಕು.

ಪ್ರದೇಶವಾರು ಎಣಿಕೆಯಲ್ಲಿ ಬ್ರೂಕ್ಲಿನ್ ವಿಭಾಗದ ಗ್ರೀನ್‌ಪಾಯಿಂಟ್, ಅಂದರೆ 11222 ಜಿಪ್ ಕೋಡಿನ ಪ್ರದೇಶ, ಎದ್ದು ಕಾಣುತ್ತದೆ. ಟೈಮ್ಸ್ ಸ್ಕ್ವೇರ್, ಸೆಂಟ್ರಲ್ ಪಾರ್ಕ್‌ಗಳಂತಹ ಜಗತ್ಪ್ರಸಿದ್ಧ ಸ್ಥಳಗಳಿರುವ ನಗರದಲ್ಲಿ ಹಳೆಯ ಉಗ್ರಾಣಗಳ ಬಡಾವಣೆಯೊಂದು ಮುಂದಿರುವುದು ಮೊದಲ ನೋಟಕ್ಕೆ ಅಚ್ಚರಿ. ಸ್ಟುಡಿಯೋಗಳು ಈ ಬಡಾವಣೆಯಲ್ಲಿ ಮತ್ತು ಅದರ ಆಸುಪಾಸಿನಲ್ಲಿ ಇರುವುದನ್ನು ಗಮನಿಸಿದರೆ ಕಾರಣ ತಿಳಿಯುತ್ತದೆ. ಹಳೆಯ ಬ್ರೆಡ್ ಕಾರ್ಖಾನೆಯಲ್ಲಿ 1983ರಲ್ಲಿ ಆರಂಭವಾದ ಸಿಲ್ವರ್‌ಕಪ್ ಸ್ಟುಡಿಯೋ, 1920ರಷ್ಟು ಹಿಂದಿನ ಮೂಲವುಳ್ಳ ಆಸ್ಟೋರಿಯಾ ಸ್ಟುಡಿಯೋ, ಬ್ರೂಕ್ಲಿನ್ನಿನ ಹಳೆಯ ನೌಕಾನೆಲೆಯಲ್ಲಿ 2004ರಲ್ಲಿ ತೆರೆದ ಸ್ಟೈನರ್ ಸ್ಟುಡಿಯೋ ಇವೆಲ್ಲ ಆ ಬಡಾವಣೆಗೆ ಸಮೀಪ. ಒಳಾಂಗಣ ಚಿತ್ರೀಕರಣ ಮುಗಿಸಿದ ತಂಡವು ಹೊರಾಂಗಣಕ್ಕೆ ದೂರ ಹೋಗಲು ಇಚ್ಛಿಸುವುದಿಲ್ಲ. ಪ್ರಯಾಣದ ಪ್ರತಿ ಗಂಟೆಗೂ ಕೂಲಿ ತೆರಬೇಕು. ಆದುದರಿಂದ ಎಣಿಕೆ ಹೆಚ್ಚಾಗಿರುವುದು ಸ್ಥಳದ ಸೊಬಗಿಗೆ ಮಾತ್ರವಲ್ಲ, ಸಾಗಣೆ ವೆಚ್ಚಕ್ಕೂ ಸಾಕ್ಷಿ.

ನಾಲ್ಕನೆಯ ಶೋಧನೆ: ಅವಧಿ

ಮುಕ್ತಾಯದಿಂದ ಆರಂಭವನ್ನು ಕಳೆದರೆ ಅವಧಿ ಸಿಗುತ್ತದೆ. ಇದು ಪರವಾನಗಿಯ ಅವಧಿಯೇ ಹೊರತು ಕ್ಯಾಮೆರಾ ಓಡಿದ ಅವಧಿಯಲ್ಲ. ವಾಹನಗಳು ಬಂದು ನಿಲ್ಲುವುದು, ಸಾಮಗ್ರಿ ಇಳಿಸುವುದು, ಮರಳಿ ತುಂಬುವುದು ಎಲ್ಲವೂ ಇದರಲ್ಲಿ ಸೇರಿರುತ್ತವೆ. ಸಂಜೆ ಆರಂಭವಾಗಿ ಮರುದಿನ ಬೆಳಿಗ್ಗೆ ಮುಗಿಯುವವು, ಹಲವು ದಿನಗಳ ಕಾಲ ಮುಂದುವರಿಯುವವು ಕೂಡ ಇವೆ. ಇಂತಹ ಕೆಲವೇ ದೀರ್ಘ ನಮೂದುಗಳು ಸರಾಸರಿಯನ್ನು ಮೇಲಕ್ಕೆಳೆಯುತ್ತವೆ. ಆದಕಾರಣ ಸರಾಸರಿಯ ಬದಲು ಮಧ್ಯಾಂಕವನ್ನು, ಅಂದರೆ ಎಲ್ಲವನ್ನೂ ಏರಿಕೆಯ ಕ್ರಮದಲ್ಲಿ ಜೋಡಿಸಿದಾಗ ನಡುವೆ ಬರುವ ಸಂಖ್ಯೆಯನ್ನು ಬಳಸುವುದು ಲೇಸು. ಅತಿ ದೀರ್ಘವಾದ ನಮೂದುಗಳನ್ನು ಅಳಿಸದೆ ಪ್ರತ್ಯೇಕ ಪಟ್ಟಿ ಮಾಡಿ ಪರಿಶೀಲಿಸಬೇಕು.

ಐದನೆಯ ಶೋಧನೆ: ವರ್ಷದಿಂದ ವರ್ಷಕ್ಕೆ ಹೋಲಿಕೆ

ಹೋಲಿಕೆಗೆ ಆರಿಸಿದ ಮೂಲ ವರ್ಷವು ಸಾಮಾನ್ಯ ವರ್ಷವಾಗಿರಬೇಕೆಂಬುದು ವಾಣಿಜ್ಯ ವಿದ್ಯಾರ್ಥಿಗೂ ತಿಳಿದ ನಿಯಮ. ಕೋವಿಡ್ ಸೋಂಕಿನಿಂದಾಗಿ 2020ರ ಮಾರ್ಚ್ ತಿಂಗಳಿನಲ್ಲಿ ನ್ಯೂಯಾರ್ಕಿನಲ್ಲಿ ಚಿತ್ರೀಕರಣ ಸ್ಥಗಿತಗೊಂಡಿತು. ನಿರ್ಬಂಧಗಳು ಹಂತಹಂತವಾಗಿ ಸಡಿಲಗೊಂಡು ಅದೇ ವರ್ಷದ ಜುಲೈ 20ರ ನಂತರವೇ ಮರಳಿ ಅವಕಾಶ ದೊರೆಯಿತು. ಆ ವರ್ಷವನ್ನು ಆಧಾರವಾಗಿಟ್ಟುಕೊಂಡು 2021ರ ಬೆಳವಣಿಗೆಯನ್ನು ಶೇಕಡಾವಾರು ಹೇಳುವುದು ಬಿದ್ದವನು ಎದ್ದುದನ್ನೇ ಏಳಿಗೆ ಎಂದಂತೆ.

2023ರದು ಇನ್ನೊಂದು ಬಗೆಯ ಸಮಸ್ಯೆ. ಅಮೆರಿಕದ ಚಿತ್ರಕಥಾ ಲೇಖಕರು ಆ ವರ್ಷ ಮೇ 2ರಿಂದ ಸೆಪ್ಟೆಂಬರ್ 27ರವರೆಗೆ, ನಟ-ನಟಿಯರು ಜುಲೈ 14ರಿಂದ ನವೆಂಬರ್ 9ರವರೆಗೆ ಮುಷ್ಕರ ನಡೆಸಿದರು. ಕಥಾಧಾರಿತ ಧಾರಾವಾಹಿಗಳೂ ಚಲನಚಿತ್ರಗಳೂ ಬಹುಮಟ್ಟಿಗೆ ನಿಂತುಹೋದವು. ಜಾಹೀರಾತು, ಸ್ಥಿರಚಿತ್ರ, ನಾಟಕ ಮಂದಿರಗಳ ಸಾಗಣೆ ಇವುಗಳಿಗೆ ಮುಷ್ಕರ ನೇರವಾಗಿ ಅನ್ವಯಿಸಲಿಲ್ಲ. ಒಟ್ಟು ಎಣಿಕೆಯನ್ನು ಮಾತ್ರ ನೋಡುವವನಿಗೆ ಇಳಿಕೆಯ ಪೂರ್ಣ ಪ್ರಮಾಣ ತಿಳಿಯುವುದಿಲ್ಲ. ವರ್ಗವಾರು ವಿಂಗಡಿಸಿದಾಗಲೇ ಪೆಟ್ಟು ಬಿದ್ದದ್ದು ಎಲ್ಲಿ ಎಂಬುದು ಕಾಣುತ್ತದೆ.

ಪಡೆದುಕೊಂಡ ಕಡತವು ಯಾವ ದಿನದಿಂದ ಯಾವ ದಿನದವರೆಗಿನದು ಎಂದು ನೋಡಿಕೊಳ್ಳುವುದೂ, ಪಡೆದ ದಿನಾಂಕವನ್ನು ಬರೆದು ಪ್ರತಿಯೊಂದನ್ನು ಹಾಗೆಯೇ ಕಾಯ್ದಿಡುವುದೂ ಅವಶ್ಯ. ಮುಕ್ತ ದತ್ತಾಂಶವು ಪರಿಷ್ಕರಣೆಯಾಗುತ್ತಲೇ ಇರುತ್ತದೆ. ಇಂದಿನ ಕಡತದಲ್ಲಿರುವುದು ನಾಳೆಯೂ ಹಾಗೆಯೇ ಇರುತ್ತದೆಂಬ ಭರವಸೆಯಿಲ್ಲ. ಪರಿಶೋಧಕನ ಕಾರ್ಯಪತ್ರಗಳಿಗೆ ಸಲ್ಲುವ ಶಿಸ್ತು ಇಲ್ಲಿಯೂ ಸಲ್ಲಬೇಕು.

ಅಂಗಡಿಕಾರನ ಪ್ರಶ್ನೆ

ಇಷ್ಟೆಲ್ಲ ಶೋಧನೆ ಯಾರಿಗಾಗಿ? ಚಿತ್ರೀಕರಣವು ನಗರಕ್ಕೆ ಉದ್ಯೋಗವನ್ನೂ ಹೆಸರನ್ನೂ ತರುತ್ತದೆಂಬುದು ನಿಜ. ಅದೇ ವೇಳೆ ಬೀದಿಯ ಎರಡೂ ಬದಿಯಲ್ಲಿ ಲಾರಿಗಳು ನಿಂತಾಗ ಗ್ರಾಹಕನಿಗೆ ವಾಹನ ನಿಲ್ಲಿಸಲು ಜಾಗವಿಲ್ಲದೆ, ಸರಕು ತರುವ ಗಾಡಿಗೆ ಬಾಗಿಲ ಬಳಿ ಬರಲಾಗದೆ ಸಣ್ಣ ಅಂಗಡಿಕಾರನು ತೊಂದರೆಗೀಡಾಗುವುದೂ ನಿಜ. ಅವನು ನಗರಾಡಳಿತದ ಮುಂದೆ ಹೋದಾಗ ಅವನ ಮಾತಿಗೆ ತೂಕ ಬರುವುದು ಸರಿಯಾದ ಅಂಕಿಯಿಂದ. ತಪ್ಪು ಅಂಕಿಯನ್ನು ಮುಂದಿಟ್ಟರೆ ನ್ಯಾಯವಾದ ದೂರೂ ಬಿದ್ದುಹೋಗುತ್ತದೆ.

ವಿಷಯವನ್ನು ಸ್ಪಷ್ಟಪಡಿಸಲು ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಇಲ್ಲಿನ ಸಂಖ್ಯೆಗಳು ಲೆಕ್ಕದ ವಿಧಾನವನ್ನು ತೋರಿಸಲು ಮಾತ್ರ.

1. ಒಂದು ತಿಂಗಳಿನಲ್ಲಿ ಒಂದು ಜಿಪ್ ಕೋಡನ್ನು ಹೆಸರಿಸಿದ ಪರವಾನಗಿಗಳು 20.

2. ಅವುಗಳಲ್ಲಿ ಚಿತ್ರೀಕರಣದವು 13, ಉಪಕರಣ ಅಳವಡಿಕೆಯವು 4, ನಾಟಕ ಸಾಮಗ್ರಿಯ ಸಾಗಣೆಯವು 3.

3. ಒಂದೇ ದಿನ ಎರಡು ಮೂರು ಪರವಾನಗಿಗಳು ಇರುವುದರಿಂದ, 13 ಚಿತ್ರೀಕರಣ ಪರವಾನಗಿಗಳು ನಡೆದ ಒಟ್ಟು ದಿನಗಳು 9.

4. ಆ ಪ್ರದೇಶದ ನಿರ್ದಿಷ್ಟ ಬೀದಿಯೊಂದರಲ್ಲಿ ಚಿತ್ರೀಕರಣಕ್ಕಾಗಿ ನಿಲುಗಡೆ ಕಾಯ್ದಿರಿಸಿದ ದಿನಗಳು 6, ಉಪಕರಣ ಅಳವಡಿಕೆಗಾಗಿ ಕಾಯ್ದಿರಿಸಿದ ದಿನಗಳು 2. ಇವುಗಳಲ್ಲಿ ಒಂದು ದಿನ ಎರಡಕ್ಕೂ ಸಮಾನ. ಆದುದರಿಂದ ಬೀದಿ ಬಳಕೆಯಾದ ದಿನಗಳು 7.

20, 13, 9, 7 ಈ ನಾಲ್ಕು ಸಂಖ್ಯೆಗಳಲ್ಲಿ ಯಾವುದು ಸರಿ? ನಾಲ್ಕೂ ಸರಿ. ಪ್ರತಿಯೊಂದೂ ಬೇರೆ ಬೇರೆ ಪ್ರಶ್ನೆಗೆ ಉತ್ತರ. ಪರವಾನಗಿ ಕಚೇರಿಯ ಕೆಲಸವನ್ನು ತಿಳಿಯಲು 20 ಬೇಕು. ಚಿತ್ರೀಕರಣದ ಚಟುವಟಿಕೆಗೆ 13 ಅಥವಾ 9. ಆ ಬೀದಿಯ ಅಂಗಡಿಕಾರನಿಗೆ ಮಾತ್ರ 7. ತಿಂಗಳಿಗೆ 26 ವಹಿವಾಟಿನ ದಿನಗಳೆಂದು ಹಿಡಿದರೆ ಸುಮಾರು ಶೇ. 27ರಷ್ಟು ದಿನಗಳಲ್ಲಿ ಅವನ ಬೀದಿ ಅವನ ಗ್ರಾಹಕರಿಗೆ ಪೂರ್ಣವಾಗಿ ದೊರೆಯಲಿಲ್ಲ. ಪಕ್ಕದ ಬೀದಿಯಲ್ಲಿ ಇದು ಸೊನ್ನೆಯಾಗಿರಬಹುದು. ಪ್ರದೇಶದ ಸರಾಸರಿಯನ್ನು ತೆಗೆದ ಕೂಡಲೇ ಇವನ ಕಷ್ಟ ಕಣ್ಮರೆಯಾಗುತ್ತದೆ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಚಿತ್ರೀಕರಣದ ಪ್ರಮಾಣವನ್ನು ಅಳೆಯುವಾಗ ಉಪಕರಣ ಅಳವಡಿಕೆಯ ಪರವಾನಗಿಗಳನ್ನು ತೆಗೆದುಹಾಕಬೇಕು. ಅಂಗಡಿಕಾರನ ತೊಂದರೆಯನ್ನು ಅಳೆಯುವಾಗ ಅವುಗಳನ್ನು ಉಳಿಸಿಕೊಳ್ಳಲೇಬೇಕು. ಜಾಗ ಹಿಡಿದ ಲಾರಿಯಲ್ಲಿ ಕ್ಯಾಮೆರಾ ಇದೆಯೇ ದೀಪದ ಕಂಬವಿದೆಯೇ ಎಂಬುದು ಗ್ರಾಹಕನಿಗೆ ಮುಖ್ಯವಲ್ಲ. ಯಾವ ನಮೂದನ್ನು ಬಿಡಬೇಕು, ಯಾವುದನ್ನು ಸೇರಿಸಬೇಕು ಎಂಬುದು ಪ್ರಶ್ನೆಯನ್ನು ಅವಲಂಬಿಸಿದ ತೀರ್ಮಾನ.

ಬೀದಿಯ ಲೆಕ್ಕಕ್ಕೆ ನಿಲುಗಡೆ ವಿವರದ ಕಲಮನ್ನೇ ಆಶ್ರಯಿಸಬೇಕಾಗುತ್ತದೆ. ಇಂತಹ ರಸ್ತೆ, ಇಂತಹ ಎರಡು ಅಡ್ಡರಸ್ತೆಗಳ ನಡುವೆ ಎಂಬ ರೀತಿಯ ಬರಹ ಅದರಲ್ಲಿರುತ್ತದೆ. ಒಂದೇ ಕಲಮಿನಲ್ಲಿ ಹಲವು ತುಂಡುಗಳಿರುವುದೂ ಸಾಮಾನ್ಯ. ಇವುಗಳನ್ನು ಬಿಡಿಸಿ ಏಕರೂಪಕ್ಕೆ ತರುವುದು ಬೇಸರದ ಕೆಲಸ. ಆದರೆ ಉಪಯುಕ್ತ ಮಾಹಿತಿ ಇರುವುದು ಅಲ್ಲಿಯೇ.

ಬೀದಿ ಬಳಕೆಯಾದ 7 ದಿನಗಳೆಂದರೆ 7 ದಿನಗಳ ವ್ಯಾಪಾರ ನಷ್ಟವೆಂದು ಅರ್ಥವಲ್ಲ. ಅದನ್ನು ಹೇಳಬಲ್ಲುದು ಅಂಗಡಿಯ ದಿನವಹಿ ಮಾರಾಟ ಪುಸ್ತಕ ಮಾತ್ರ. ಚಿತ್ರೀಕರಣವಿದ್ದ ಮಂಗಳವಾರದ ಮಾರಾಟವನ್ನು ಚಿತ್ರೀಕರಣವಿಲ್ಲದ ಮಂಗಳವಾರಗಳ ಮಾರಾಟದೊಂದಿಗೆ, ಶನಿವಾರವನ್ನು ಶನಿವಾರಗಳೊಂದಿಗೆ ಹೋಲಿಸಬೇಕು. ಹಬ್ಬದ ದಿನಗಳನ್ನು ಬೇರ್ಪಡಿಸಬೇಕು. ಹೋಲಿಕೆಗೆ ಒಂದು ತಿಂಗಳು ಸಾಲದು, ಕನಿಷ್ಠ ಒಂದು ವರ್ಷದ ಪುಸ್ತಕವಾದರೂ ಬೇಕು. ಕೆಲವು ಅಂಗಡಿಗಳಿಗೆ ಲಾಭವಾಗಿರುವುದೂ ತಿಳಿಯಬಹುದು. ಕಾಫಿ ಅಂಗಡಿಗೆ ತಂಡದವರು ಬಂದಿರಬಹುದು, ಪೀಠೋಪಕರಣದ ಅಂಗಡಿಗೆ ಯಾರೂ ಬಾರದಿರಬಹುದು. ಸರ್ಕಾರದ ಪುಸ್ತಕ ಮತ್ತು ವ್ಯಾಪಾರಿಯ ಪುಸ್ತಕ ಎರಡನ್ನೂ ದಿನಾಂಕವಾರು ಪಕ್ಕಪಕ್ಕದಲ್ಲಿಟ್ಟಾಗಲೇ ದೂರು ಪುರಾವೆಯಾಗುತ್ತದೆ.

ಹಣದ ಲೆಕ್ಕ ಎಲ್ಲಿದೆ?

ಪರವಾನಗಿಗಳ ಸಂಖ್ಯೆಯಿಂದ ನಗರದ ಆದಾಯವನ್ನು ಊಹಿಸುವುದೂ ಸಾಧ್ಯವಿಲ್ಲ. 2010ರಲ್ಲಿ ಹೊಸ ಯೋಜನೆಯೊಂದಕ್ಕೆ 300 ಡಾಲರುಗಳ ಅರ್ಜಿ ಶುಲ್ಕವನ್ನು ನಗರವು ಜಾರಿಗೆ ತಂದಾಗ ಅದನ್ನು ವಿಧಿಸಿದ್ದು ಯೋಜನೆಗೇ ಹೊರತು ಪ್ರತಿ ಪರವಾನಗಿಗಲ್ಲ. ಒಂದು ಯೋಜನೆಯಡಿ ಎಷ್ಟೋ ಪರವಾನಗಿಗಳಿರಬಹುದು. ಪೊಲೀಸ್ ಘಟಕದ ಸೇವೆಯಂತಹ ಸಾರ್ವಜನಿಕ ವೆಚ್ಚಗಳೂ ಈ ಕಡತದಲ್ಲಿ ಕಾಣುವುದಿಲ್ಲ.

ದೊಡ್ಡ ಮೊತ್ತವಿರುವುದು ರಾಜ್ಯದ ತೆರಿಗೆ ರಿಯಾಯಿತಿಯಲ್ಲಿ. ನ್ಯೂಯಾರ್ಕ್ ರಾಜ್ಯವು ಚಿತ್ರನಿರ್ಮಾಣಕ್ಕೆ ಈ ರಿಯಾಯಿತಿಯನ್ನು 2004ರಲ್ಲಿ ಆರಂಭಿಸಿತು. ಅದರ ವಾರ್ಷಿಕ ಮಿತಿಯನ್ನು 2023ರಲ್ಲಿ 42 ಕೋಟಿ ಡಾಲರುಗಳಿಂದ 70 ಕೋಟಿಗೆ, 2025ರಲ್ಲಿ 80 ಕೋಟಿಗೆ ಏರಿಸಲಾಯಿತು. ರಿಯಾಯಿತಿಯ ಮೂಲ ದರವೂ 2023ರಲ್ಲಿ ಶೇ. 25ರಿಂದ ಶೇ. 30ಕ್ಕೆ ಏರಿತು. ಇದನ್ನು ಲೆಕ್ಕ ಹಾಕುವುದು ರಾಜ್ಯದೊಳಗೆ ಮಾಡಿದ ಅರ್ಹ ವೆಚ್ಚದ ಮೇಲೆ. ಇಷ್ಟು ದೊಡ್ಡ ಸಾರ್ವಜನಿಕ ಹಣದ ಫಲವನ್ನು ಪರವಾನಗಿಗಳ ಎಣಿಕೆಯಿಂದ ಸಮರ್ಥಿಸುವುದಾಗಲಿ ಖಂಡಿಸುವುದಾಗಲಿ ಸಲ್ಲದು. ಅದಕ್ಕೆ ವೆಚ್ಚದ ದಾಖಲೆ, ಕೂಲಿಯ ದಾಖಲೆ, ತೆರಿಗೆಯ ದಾಖಲೆ ಬೇಕು.

ಬೆಂಗಳೂರಿಗೆ ಅನ್ವಯ

ನ್ಯೂಯಾರ್ಕಿನಲ್ಲಿ ಐದು ಬರೋಗಳಿವೆ. ಬೆಂಗಳೂರಿನಲ್ಲಿಯೂ 2025ರ ಸೆಪ್ಟೆಂಬರ್ ತಿಂಗಳಿನಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಸ್ಥಾನದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಹಾಗೂ ಐದು ನಗರ ಪಾಲಿಕೆಗಳು ಅಸ್ತಿತ್ವಕ್ಕೆ ಬಂದವು. ಬರೋ ಮತ್ತು ಪಾಲಿಕೆ ಒಂದೇ ಸ್ವರೂಪದವಲ್ಲವಾದರೂ ದಾಖಲೆಗಳನ್ನು ಇಡುವ ಪ್ರಶ್ನೆ ಎರಡೂ ಕಡೆ ಒಂದೇ. ನಮ್ಮಲ್ಲಿ ಸ್ಥಳದ ಒಡೆತನವೂ ಹಂಚಿಹೋಗಿದೆ. ಕಬ್ಬನ್ ಉದ್ಯಾನ ಮತ್ತು ಲಾಲ್‌ಬಾಗ್ ತೋಟಗಾರಿಕೆ ಇಲಾಖೆಯವು, ರೈಲು ನಿಲ್ದಾಣಗಳು ರೈಲ್ವೆಯವು, ಟಿಪ್ಪು ಸುಲ್ತಾನನ ಬೇಸಿಗೆ ಅರಮನೆ ಭಾರತೀಯ ಪುರಾತತ್ತ್ವ ಸರ್ವೇಕ್ಷಣಾ ಇಲಾಖೆಯದು. ರಸ್ತೆಯ ವಿಷಯದಲ್ಲಿ ಸಂಚಾರ ಪೊಲೀಸರ ಮಾತೂ ಸೇರುತ್ತದೆ. ಅನುಮತಿಯ ದಾಖಲೆಗಳು ಹೀಗೆ ಹಲವು ಕಡೆ ಹುಟ್ಟುವಾಗ, ಎಲ್ಲರೂ ಒಂದೇ ನಮೂನೆಯನ್ನು ಬಳಸಿದರೆ ಮಾತ್ರ ಅವುಗಳನ್ನು ಮುಂದೆ ಒಟ್ಟುಗೂಡಿಸಬಹುದು.

ಅಂತಹ ನಮೂನೆಯನ್ನು ಒತ್ತಾಯಿಸುವ ಸಂದರ್ಭ ಒದಗಿದಾಗ ವಾಣಿಜ್ಯ ಸಂಸ್ಥೆಗಳು ಕೇಳಬೇಕಾದ ಕಲಮುಗಳು ನ್ಯೂಯಾರ್ಕಿನ ಅನುಭವದಿಂದ ತಿಳಿದುಬರುತ್ತವೆ. ಪ್ರತಿ ಯೋಜನೆಗೂ ಒಂದು ಸಂಕೇತ ಸಂಖ್ಯೆ ಇದ್ದರೆ ಹೆಸರನ್ನು ಬಹಿರಂಗಪಡಿಸದೆಯೇ ಯೋಜನೆಗಳನ್ನು ಎಣಿಸಬಹುದು. ಬೀದಿಯ ಪ್ರತಿ ತುಂಡಿಗೂ ಪ್ರತ್ಯೇಕ ಸಾಲು ಇರಬೇಕು. ಅನುಮತಿಯ ಸಮಯದ ಪಕ್ಕದಲ್ಲಿ ವಾಸ್ತವವಾಗಿ ಬಳಸಿದ ಸಮಯವೂ, ರದ್ದಾಗಿದ್ದರೆ ಅದರ ಗುರುತೂ ಇರಬೇಕು. ಈ ಮೂರು ಸೇರ್ಪಡೆಗಳಿಗೆ ಹೆಚ್ಚಿನ ಖರ್ಚಿಲ್ಲ. ಆರಂಭದಲ್ಲಿ ಸೇರಿಸದಿದ್ದರೆ ಹತ್ತು ವರ್ಷಗಳ ಬಳಿಕ ಸೇರಿಸಲು ಸಾಧ್ಯವೂ ಇಲ್ಲ.

ಸಾರಾಂಶ

ಸಾರ್ವಜನಿಕ ದಾಖಲೆಯೊಂದನ್ನು ವ್ಯಾಪಾರದ ತೀರ್ಮಾನಕ್ಕೆ ಬಳಸುವ ಮುನ್ನ ಈ ಕೆಳಗಿನ ಅಂಶಗಳನ್ನು ತಾಳೆ ನೋಡುವುದು ಉಚಿತ.

1. ನಮೂದು ಏನನ್ನು ದಾಖಲಿಸುತ್ತದೆ, ಏನನ್ನು ಬಿಡುತ್ತದೆ ಎಂಬುದನ್ನು ನಿಯಮಗಳಿಂದ ತಿಳಿಯಬೇಕು.

2. ಪ್ರಶ್ನೆಯನ್ನು ಮೊದಲು ಬರೆದುಕೊಂಡು, ಅದಕ್ಕೆ ತಕ್ಕಂತೆ ಯಾವ ಬಗೆಯ ನಮೂದುಗಳು ಸೇರಬೇಕೆಂದು ನಿರ್ಧರಿಸಬೇಕು.

3. ಯಾವ ದಿನಾಂಕ ಆಧಾರ ಎಂಬುದನ್ನು ಪಟ್ಟಿಯ ತಲೆಬರಹದಲ್ಲಿಯೇ ಹೇಳಬೇಕು.

4. ಬಿಡಿಸಿದ ಮೊತ್ತವನ್ನು ಮೂಲ ಮೊತ್ತದೊಂದಿಗೆ ತಾಳೆ ನೋಡಬೇಕು.

5. ಅಸಾಮಾನ್ಯ ವರ್ಷವನ್ನು ಹೋಲಿಕೆಯ ಆಧಾರವಾಗಿ ಬಳಸಬಾರದು.

6. ಹಣದ ಕಲಮು ಇಲ್ಲದ ದಾಖಲೆಯಿಂದ ಹಣದ ತೀರ್ಮಾನಕ್ಕೆ ಬರಬಾರದು.

7. ಸರ್ಕಾರದ ದಾಖಲೆಯನ್ನು ಸ್ವಂತ ಪುಸ್ತಕದೊಂದಿಗೆ ಹೋಲಿಸಬೇಕು.

ಕೊನೆಯ ಅಂಶವೇ ವ್ಯಾಪಾರಿಗೆ ಅತಿ ಮುಖ್ಯವಾದುದು. ಮುಕ್ತ ದತ್ತಾಂಶವು ಎಲ್ಲರಿಗೂ ಸಮಾನವಾಗಿ ದೊರೆಯುತ್ತದೆ. ತನ್ನ ಅಂಗಡಿಯ ದಿನವಹಿ ಲೆಕ್ಕ ಅವನಲ್ಲಿ ಮಾತ್ರವಿರುತ್ತದೆ. ಅದನ್ನು ತಪ್ಪದೆ ಬರೆದಿಟ್ಟವನಿಗಷ್ಟೇ ಸರ್ಕಾರದ ಅಂಕಿಗಳು ನಿಜವಾಗಿ ಉಪಯೋಗಕ್ಕೆ ಬರುತ್ತವೆ.